ತೋಟದ ಪುಟ್ಟ ಗಣಕಕ್ಕೆ ಇನ್ನೊಂದು ಸೀರಿಯಲ್ ದ್ವಾರ

ಹನಿ ನೀರಾವರಿ ಅಳವಡಿಸಿಕೊಂಡ ರೈತರಲ್ಲಿ ಕೆಲವರು ಮಣ್ಣಿನ ತೇವಾಂಶ ಅಳೆಯುವ ಸಂವೇದಿಗಳನ್ನು ಬೇರಿನ ವಲಯದಲ್ಲಿ ಹೂಳಿ, ಅವುಗಳ ಅಳತೆಯನ್ನು ಪಂಪುಮನೆಯಲ್ಲಿಟ್ಟ ಪುಟ್ಟ ಗಣಕಯಂತ್ರಕ್ಕೆ ತಲುಪಿಸುತ್ತಿದ್ದಾರೆ. ಗಣಕವು ಆ ಅಳತೆಯನ್ನು ನೋಡಿ, ನೀರು ಬೇಕೇ ಬೇಡವೇ ಎಂಬುದನ್ನು ಮೋಡೆಮ್ ಮೂಲಕ ರೈತನ ಮೊಬೈಲಿಗೆ ತಿಳಿಸುತ್ತದೆ. ಈ ಪದ್ಧತಿಯಲ್ಲಿ ಮೊದಲು ಎದುರಾಗುವ ತೊಡಕು ಒಂದೇ. ಗಣಕದಲ್ಲಿ ಬಳಕೆಗೆ ಸಿಗುವ ಸೀರಿಯಲ್ ದ್ವಾರ ಒಂದು. ಅದಕ್ಕೆ ಮೋಡೆಮ್ ಜೋಡಿಸಿದ ಮೇಲೆ ಸಂವೇದಿಗೆ ಜಾಗವಿಲ್ಲ. ಇನ್ನೊಂದು ಗಣಕವನ್ನೇ ಕೊಳ್ಳಬೇಕೆಂದು ಹೇಳುವವರೂ ಉಂಟು. ಅದರ ಅಗತ್ಯವಿಲ್ಲ. ರಾಸ್ಪ್‌ಬೆರಿ ಪೈ 4ನೇ ಮಾದರಿಯ ಗಣಕ ನಿಮ್ಮಲ್ಲಿದ್ದರೆ ಅದರೊಳಗೆ ಇನ್ನೂ ನಾಲ್ಕು ದ್ವಾರಗಳು ಮುಚ್ಚಿದ ಸ್ಥಿತಿಯಲ್ಲಿವೆ. ಅವುಗಳಲ್ಲಿ ಒಂದನ್ನು ತೆರೆಯಲು ಒಂದು ಸಾಲಿನ ಬರಹ ಸಾಕು.

ಆದರೆ ತೆರೆಯುವುದು ಸುಲಭವೆಂದು ಅವಸರ ಮಾಡಬಾರದು. ಒಂದು ತಪ್ಪು ತಂತಿ ಹಲಗೆಯನ್ನೇ ಸುಡಬಲ್ಲದು. ತಪ್ಪು ಅಳತೆಯನ್ನು ನಂಬಿದರೆ ಹೂ ಬಿಡುವ ಹಂತದಲ್ಲಿ ಬೆಳೆ ಬಾಡಬಹುದು, ಇಲ್ಲವೇ ಕೊಳವೆ ಬಾವಿಯ ನೀರು ವ್ಯರ್ಥವಾಗಿ ಹರಿದುಹೋಗಬಹುದು. ಆದ್ದರಿಂದ ಈ ಕೆಲಸವನ್ನು ಹಂತ ಹಂತವಾಗಿ ಮಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಸೀರಿಯಲ್ ದ್ವಾರವೆಂದರೇನು?

ಎರಡು ಯಂತ್ರಗಳು ಒಂದೊಂದೇ ಸಂಕೇತವನ್ನು ಸಾಲಾಗಿ ಕಳುಹಿಸಿ ಮಾತನಾಡುವ ದಾರಿಗೆ ಸೀರಿಯಲ್ ದ್ವಾರವೆಂದು ಹೆಸರು. ಇದಕ್ಕೆ ಮೂರು ತಂತಿ ಸಾಕು: ಕಳುಹಿಸುವ ತಂತಿ, ಪಡೆಯುವ ತಂತಿ ಮತ್ತು ಇಬ್ಬರಿಗೂ ಸಮಾನವಾದ ನೆಲತಂತಿ. ಒಬ್ಬನ ಕಳುಹಿಸುವ ತಂತಿ ಇನ್ನೊಬ್ಬನ ಪಡೆಯುವ ತಂತಿಗೆ ಸೇರಬೇಕು. ಒಬ್ಬನ ಬಾಯಿ ಇನ್ನೊಬ್ಬನ ಕಿವಿಗೆ ಎಂದು ನೆನಪಿಟ್ಟುಕೊಳ್ಳಿ.

ಇಬ್ಬರೂ ಒಂದೇ ವೇಗದಲ್ಲಿ ಮಾತನಾಡಬೇಕು. ಕೃಷಿ ಸಂವೇದಿಗಳಲ್ಲಿ ಹೆಚ್ಚಾಗಿ ಕಂಡುಬರುವ ವೇಗ ಸೆಕೆಂಡಿಗೆ 9600 ಸಂಕೇತಗಳು. ಒಂದು ಅಕ್ಷರಕ್ಕೆ 8 ಸಂಕೇತ, ಅದರ ಆರಂಭಕ್ಕೆ 1, ಮುಕ್ತಾಯಕ್ಕೆ 1, ಹೀಗೆ 10 ಸಂಕೇತ ಬೇಕಾಗುವುದರಿಂದ ಸೆಕೆಂಡಿಗೆ 960 ಅಕ್ಷರಗಳು ಸಾಗುತ್ತವೆ. ಸಂವೇದಿಯನ್ನು ಪ್ರಶ್ನಿಸಲು 8 ಅಕ್ಷರ, ತೇವಾಂಶ ಮತ್ತು ಉಷ್ಣತೆ ಎರಡನ್ನೂ ಹೇಳುವ ಉತ್ತರಕ್ಕೆ 9 ಅಕ್ಷರ ಬೇಕೆಂದು ಲೆಕ್ಕ ಹಾಕಿದರೆ, ತಂತಿಯ ಮೇಲಿನ ಮಾತುಕತೆ ಸೆಕೆಂಡಿನ ಐವತ್ತರಲ್ಲಿ ಒಂದು ಭಾಗದಷ್ಟು ಕಾಲದಲ್ಲಿ ಮುಗಿಯುತ್ತದೆ. ಮಣ್ಣಿನ ತೇವ ಗಂಟೆಗಳ ಲೆಕ್ಕದಲ್ಲಿ ಬದಲಾಗುವಂಥದು. ಆದ್ದರಿಂದ ಹೆಚ್ಚಿನ ವೇಗಕ್ಕೆ ಆಸೆಪಡುವುದರಿಂದ ಲಾಭವಿಲ್ಲ.

ಮುಚ್ಚಿದ ದ್ವಾರಗಳು

ರಾಸ್ಪ್‌ಬೆರಿ ಪೈ ಎಂಬುದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರೂಪುಗೊಂಡು 2012ರಲ್ಲಿ ಮೊದಲು ಮಾರಾಟಕ್ಕೆ ಬಂದ ಒಂಟಿ ಹಲಗೆಯ ಗಣಕ. ಇದು ಲಿನಕ್ಸ್ ಎಂಬ ವ್ಯವಸ್ಥೆಯಿಂದ ನಡೆಯುತ್ತದೆ. 2019ರ ಜೂನ್‌ನಲ್ಲಿ ಬಂದ 4ನೇ ಮಾದರಿಯ ಮುಖ್ಯ ಬಿಲ್ಲೆಯಲ್ಲಿ ಒಟ್ಟು ಆರು ಸೀರಿಯಲ್ ದ್ವಾರಗಳಿವೆ. 0ರಿಂದ 5ರವರೆಗೆ ಅವುಗಳ ಸಂಖ್ಯೆ. ಇವುಗಳಲ್ಲಿ 0 ಸಂಖ್ಯೆಯದು ಹಲಗೆಯ ಮೇಲಿನ ಬ್ಲೂಟೂತ್‌ಗೆ ಮೀಸಲಾಗಿದೆ. 1 ಸಂಖ್ಯೆಯದು 8 ಮತ್ತು 10ನೇ ಪಿನ್ನುಗಳಲ್ಲಿ ನಮಗೆ ಸಿಗುವ ಮೊದಲ ದ್ವಾರ. ಉಳಿದ ನಾಲ್ಕು ಸುಮ್ಮನಿರುತ್ತವೆ.

ಇರುವ ದ್ವಾರವನ್ನು ಲಿನಕ್ಸ್ ಏಕೆ ತೋರಿಸುವುದಿಲ್ಲ ಎಂದು ನೀವು ಕೇಳಬಹುದು. ಜಮೀನು ಕಣ್ಣೆದುರಿಗೇ ಇದ್ದರೂ ಪಹಣಿಯಲ್ಲಿ ದಾಖಲಾಗದೆ ಕಚೇರಿಯವರು ಒಪ್ಪುವುದಿಲ್ಲವಷ್ಟೆ. ಲಿನಕ್ಸ್ ಕೂಡ ಹಾಗೆಯೇ. ಹಲಗೆಯ ಮೇಲೆ ಏನೇನಿದೆ ಎಂಬ ಪಟ್ಟಿಯೊಂದನ್ನು ಅದು ಪ್ರಾರಂಭದಲ್ಲಿ ಓದುತ್ತದೆ. ಇದಕ್ಕೆ ಡಿವೈಸ್ ಟ್ರೀ ಎಂದು ಹೆಸರು. ಪಟ್ಟಿಯಲ್ಲಿ ಈ ನಾಲ್ಕು ದ್ವಾರಗಳು 'ನಿಷ್ಕ್ರಿಯ' ಎಂದು ನಮೂದಾಗಿರುತ್ತವೆ. ಏಕೆಂದರೆ ಹಲಗೆಯ ಪಿನ್ನುಗಳು ನಲವತ್ತೇ. ಅವು ಮಾಡಬಲ್ಲ ಕೆಲಸಗಳು ಅದಕ್ಕಿಂತ ಹೆಚ್ಚು. ಒಂದೇ ತೂಬಿನಿಂದ ಎರಡು ಕಾಲುವೆಗೆ ಒಟ್ಟಿಗೆ ನೀರು ಬಿಡಲಾಗದಂತೆ ಒಂದು ಪಿನ್ನು ಒಂದು ಕಾಲಕ್ಕೆ ಒಂದೇ ಕೆಲಸ ಮಾಡಬಲ್ಲದು. ಯಾವ ಕೆಲಸ ಬೇಕೆಂಬುದನ್ನು ನೀವು ಹೇಳಬೇಕು. ಹಾಗೆ ಹೇಳುವ ತಿದ್ದುಪಡಿಗೆ ಓವರ್‌ಲೇ ಎಂದು ಕರೆಯುತ್ತಾರೆ.

ಯಾವ ದ್ವಾರವನ್ನು ಆರಿಸಬೇಕು?

ನಾಲ್ಕು ದ್ವಾರಗಳ ಪಿನ್ನುಗಳು ಹೀಗಿವೆ. ಮೊದಲ ಸಂಖ್ಯೆ ಕಳುಹಿಸುವ ಪಿನ್ನು, ಎರಡನೆಯದು ಪಡೆಯುವ ಪಿನ್ನು.

2ನೇ ದ್ವಾರ: 27 ಮತ್ತು 28. ಇವು ಮೇಲೆ ಕೂರಿಸುವ ಹೆಚ್ಚುವರಿ ಹಲಗೆಗಳನ್ನು ಗುರುತಿಸಲು ಮೀಸಲಾದ ಪಿನ್ನುಗಳು, ಬಿಡುವುದು ಉತ್ತಮ.

3ನೇ ದ್ವಾರ: 7 ಮತ್ತು 29. ಒಂದೇ ತಂತಿಯ ಉಷ್ಣತಾಮಾಪಕಗಳನ್ನು ಸಾಮಾನ್ಯವಾಗಿ 7ನೇ ಪಿನ್ನಿಗೆ ಜೋಡಿಸಿರುತ್ತಾರೆ. ಅಂಥದು ಇಲ್ಲದಿದ್ದರೆ ಬಳಸಬಹುದು.

4ನೇ ದ್ವಾರ: 24 ಮತ್ತು 21. ಎಸ್‌ಪಿಐ ವಿಧಾನದ ಉಪಕರಣಗಳಿಗೂ ಇವೇ ಪಿನ್ನುಗಳು ಬೇಕು.

5ನೇ ದ್ವಾರ: 32 ಮತ್ತು 33. ಪಕ್ಕದ 34ನೇ ಪಿನ್ನು ನೆಲತಂತಿಯದಾಗಿರುವುದರಿಂದ ಮೂರೂ ತಂತಿಗಳನ್ನು ಒಂದೆಡೆ ಜೋಡಿಸಬಹುದು.

ತೋಟದ ಕೆಲಸಕ್ಕೆ 5ನೇ ದ್ವಾರ ಹೆಚ್ಚು ಅನುಕೂಲ. ಮುಂದಿನ ವಿವರಣೆ ಅದನ್ನೇ ಕುರಿತದ್ದು.

ಇನ್ನೊಂದು ವಿಷಯ. ಸಂವೇದಿಯನ್ನು ಈ ಹೊಸ ದ್ವಾರಕ್ಕೂ ಮೋಡೆಮನ್ನು ಹಳೆಯ ಮೊದಲ ದ್ವಾರಕ್ಕೂ ಜೋಡಿಸುವುದು ಸರಿಯಾದ ಕ್ರಮ. ಮೊದಲ ದ್ವಾರ 'ಮಿನಿ' ಜಾತಿಯದು. ಅದರ ವೇಗ ಬಿಲ್ಲೆಯ ಒಳಗಿನ ಗಡಿಯಾರವನ್ನು ಅವಲಂಬಿಸಿದೆ. ಅಲ್ಲದೆ ತಪ್ಪು ಹಿಡಿಯಲು ಬಳಸುವ ಪ್ಯಾರಿಟಿ ಎಂಬ ಹೆಚ್ಚುವರಿ ಸಂಕೇತ ಅದಕ್ಕೆ ತಿಳಿಯದು. ಕೆಲವು ಸಂವೇದಿಗಳು ಪ್ಯಾರಿಟಿ ಇಲ್ಲದೆ ಉತ್ತರವನ್ನೇ ಕೊಡುವುದಿಲ್ಲ. 2ರಿಂದ 5ರವರೆಗಿನ ದ್ವಾರಗಳಿಗೆ ಈ ಕೊರತೆಯಿಲ್ಲ.

3ನೇ ಮಾದರಿ ಮತ್ತು ಅದಕ್ಕಿಂತ ಹಳೆಯ ಹಲಗೆಗಳಲ್ಲಿ ಈ ನಾಲ್ಕು ದ್ವಾರಗಳು ಇಲ್ಲವೇ ಇಲ್ಲ. 2023ರಲ್ಲಿ ಬಂದ 5ನೇ ಮಾದರಿಯಲ್ಲಿ ಬರೆಯುವ ಸಾಲಿನ ಹೆಸರೂ ಪಿನ್ನುಗಳ ಹಂಚಿಕೆಯೂ ಬೇರೆ. ಆದ್ದರಿಂದ ಕೆಲಸಕ್ಕೆ ಮುನ್ನ ನಿಮ್ಮ ಹಲಗೆಯ ಮೇಲೆ ಅಚ್ಚಾಗಿರುವ ಮಾದರಿ ಸಂಖ್ಯೆಯನ್ನು ಓದಿಕೊಳ್ಳತಕ್ಕದ್ದು.

ತೆರೆಯುವ ವಿಧಾನ

ಕೆಳಗಿನ ಆಜ್ಞೆಗಳ ಉಚ್ಚಾರವನ್ನು ಕನ್ನಡದಲ್ಲಿ ಕೊಟ್ಟಿದೆ. ಬೆರಳಚ್ಚು ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನೇ ಬಳಸಬೇಕು. ಇಂಗ್ಲಿಷ್ ಬಲ್ಲ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಅನುಕೂಲ.

1. ಗಣಕದ ನೆನಪಿನ ಕಾರ್ಡಿನ ಪ್ರತಿಯೊಂದನ್ನು ತೆಗೆದಿಡಿ. ತಪ್ಪಾದರೆ ಹಿಂದಿನ ಸ್ಥಿತಿಗೆ ಬರಲು ಇದೇ ದಾರಿ.

2. ಪಿನ್ನುಗಳಿಗೆ ಯಾವ ತಂತಿಯನ್ನೂ ಜೋಡಿಸದೆ ಗಣಕವನ್ನು ಚಾಲೂ ಮಾಡಿ, ಕಾನ್ಫಿಗ್ ಡಾಟ್ ಟಿಎಕ್ಸ್‌ಟಿ ಎಂಬ ಕಡತವನ್ನು ತೆರೆಯಿರಿ. 2023ರ ಬುಕ್‌ವರ್ಮ್ ಆವೃತ್ತಿಯಿಂದ ಈಚೆಗೆ ಇದು ಬೂಟ್ ಕೋಶದೊಳಗಿನ ಫರ್ಮ್‌ವೇರ್ ಕೋಶದಲ್ಲಿರುತ್ತದೆ. ಅದಕ್ಕಿಂತ ಹಳೆಯ ಆವೃತ್ತಿಗಳಲ್ಲಿ ನೇರವಾಗಿ ಬೂಟ್ ಕೋಶದಲ್ಲಿರುತ್ತದೆ. ತಿದ್ದಲು ಅಧಿಕಾರ ಬೇಕಾದ್ದರಿಂದ ಆಜ್ಞೆಯ ಮೊದಲಿಗೆ 'ಸುಡೊ', ಬಳಿಕ 'ನ್ಯಾನೊ', ಅನಂತರ ಕಡತದ ಪೂರ್ಣ ವಿಳಾಸ ಬರೆಯಬೇಕು.

3. ಕಡತದ ಕೊನೆಗೆ ಹೋಗಿ. ಅಲ್ಲಿ ಚೌಕ ಆವರಣದೊಳಗೆ 'ಆಲ್' ಎಂದು ಬರೆದ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ನೀವೇ ಬರೆಯಿರಿ. ಇದು ಮುಖ್ಯ. ಈ ಕಡತದಲ್ಲಿ ಕೆಲವು ಭಾಗಗಳು ಬೇರೆ ಮಾದರಿಯ ಹಲಗೆಗಳಿಗೆ ಮಾತ್ರ ಅನ್ವಯಿಸುವಂಥವು. ನಿಮ್ಮ ಸಾಲು ಅಂಥ ಭಾಗದ ಕೆಳಗೆ ಸೇರಿಕೊಂಡರೆ ಗಣಕ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ; ತಪ್ಪೆಂದೂ ಹೇಳುವುದಿಲ್ಲ.

4. 'ಆಲ್' ಸಾಲಿನ ಕೆಳಗೆ ಹೊಸ ಸಾಲಿನಲ್ಲಿ 'ಡಿಟಿಓವರ್‌ಲೇ=ಯುಎಆರ್‌ಟಿ5' ಎಂದು ನಡುವೆ ತೆರಪಿಲ್ಲದಂತೆ ಬರೆಯಿರಿ. ಮೋಡೆಮ್‌ಗಾಗಿ ಮೊದಲ ದ್ವಾರವೂ ಬೇಕಾಗಿದ್ದರೆ 'ಎನೇಬಲ್_ಯುಎಆರ್‌ಟಿ=1' ಎಂಬ ಸಾಲೂ ಇರಬೇಕು.

5. ಕಂಟ್ರೋಲ್ ಕೀಲಿಯೊಡನೆ 'ಓ' ಒತ್ತಿ, ಎಂಟರ್ ಒತ್ತಿದರೆ ಬರಹ ಉಳಿಯುತ್ತದೆ. ಕಂಟ್ರೋಲ್ ಕೀಲಿಯೊಡನೆ 'ಎಕ್ಸ್' ಒತ್ತಿ ಹೊರಬನ್ನಿ.

6. 'ಸುಡೊ ರೀಬೂಟ್' ಎಂದು ಆಜ್ಞೆ ಕೊಟ್ಟು ಗಣಕವನ್ನು ಹೊಸದಾಗಿ ಪ್ರಾರಂಭಿಸಿ. ಪಟ್ಟಿಯನ್ನು ಓದುವುದು ಪ್ರಾರಂಭದಲ್ಲಿ ಮಾತ್ರವಾದ್ದರಿಂದ ಇದನ್ನು ಬಿಡುವಂತಿಲ್ಲ.

ಮೊದಲ ದ್ವಾರಕ್ಕೆ ಮೋಡೆಮ್ ಜೋಡಿಸುವವರು ಇನ್ನೊಂದು ಎಚ್ಚರ ವಹಿಸಬೇಕು. ಲಿನಕ್ಸ್ ತನ್ನ ಪ್ರಾರಂಭದ ಸಂದೇಶಗಳನ್ನು ಆ ದ್ವಾರದಲ್ಲಿ ಹೊರಹಾಕುವಂತೆ ಹೊಂದಿಸಿರಬಹುದು. ಆಗ ಮೋಡೆಮ್‌ಗೆ ಅರ್ಥವಿಲ್ಲದ ಆಜ್ಞೆಗಳು ಹೋಗುತ್ತವೆ. 'ಸುಡೊ ರಾಸ್ಪಿ-ಕಾನ್ಫಿಗ್' ಎಂಬ ಆಜ್ಞೆಯಿಂದ ತೆರೆಯುವ ಪಟ್ಟಿಯಲ್ಲಿ ಸೀರಿಯಲ್ ದ್ವಾರದ ವಿಭಾಗಕ್ಕೆ ಹೋಗಿ, ಲಾಗಿನ್ ಬೇಕೇ ಎಂಬುದಕ್ಕೆ 'ಬೇಡ' ಎಂದೂ, ದ್ವಾರ ಬೇಕೇ ಎಂಬುದಕ್ಕೆ 'ಬೇಕು' ಎಂದೂ ಉತ್ತರಿಸಿ. 5ನೇ ದ್ವಾರಕ್ಕೆ ಈ ತೊಂದರೆಯಿಲ್ಲ.

ತೆರೆದಿದೆಯೇ ಎಂದು ಪರೀಕ್ಷಿಸುವುದು

ಬೀಜ ಬಿತ್ತುವ ಮೊದಲು ಮೊಳಕೆ ಪರೀಕ್ಷೆ ಮಾಡುವಂತೆ, ಸಂವೇದಿ ಜೋಡಿಸುವ ಮೊದಲು ದ್ವಾರವನ್ನು ಪರೀಕ್ಷಿಸತಕ್ಕದ್ದು.

ಲಿನಕ್ಸ್‌ನಲ್ಲಿ ಎಲ್ಲ ಉಪಕರಣಗಳೂ 'ಡೆವ್' ಎಂಬ ಕೋಶದಲ್ಲಿ ಹೆಸರಾಗಿ ಕಾಣಿಸುತ್ತವೆ. ಆ ಕೋಶದ ಪಟ್ಟಿಯನ್ನು 'ಎಲ್‌ಎಸ್' ಆಜ್ಞೆಯಿಂದ ನೋಡಿ. ಹೊಸ ದ್ವಾರ ಈಚಿನ ಆವೃತ್ತಿಗಳಲ್ಲಿ ಟಿಟಿವೈಎಎಂಎ5 ಎಂದು ಕಾಣಿಸುತ್ತದೆ. ಹಳೆಯ ಆವೃತ್ತಿಗಳು ತೆರೆದ ಕ್ರಮದಲ್ಲಿ ಸಂಖ್ಯೆ ಕೊಡುತ್ತಿದ್ದುದರಿಂದ ಅಲ್ಲಿ ಅದೇ ದ್ವಾರ ಟಿಟಿವೈಎಎಂಎ1 ಎಂದಿರಬಹುದು. ಈ ಹೆಸರಿನಲ್ಲಿ ನಡುವಿನ 'ಎಎಂಎ' ಮಾತ್ರ ಇಂಗ್ಲಿಷಿನ ದೊಡ್ಡ ಅಕ್ಷರಗಳು. ಸೊನ್ನೆ ಸಂಖ್ಯೆಯದು ಬ್ಲೂಟೂತ್‌ನದು, ಅದನ್ನು ಮುಟ್ಟಬೇಡಿ.

ಹೆಸರು ಕಂಡ ಮಾತ್ರಕ್ಕೆ ದ್ವಾರ ಸರಿಯಿದೆ ಎಂದಲ್ಲ. ಗಣಕವನ್ನು ನಿಲ್ಲಿಸಿ, ವಿದ್ಯುತ್ ತೆಗೆದು, 32 ಮತ್ತು 33ನೇ ಪಿನ್ನುಗಳನ್ನು ಒಂದು ಚಿಕ್ಕ ತಂತಿಯಿಂದ ಸೇರಿಸಿ. ಆಗ ಗಣಕ ಆಡಿದ ಮಾತು ಅದರ ಕಿವಿಗೇ ಬೀಳುತ್ತದೆ. ಪಿಕೋಕಾಮ್ ಎಂಬ ಕಾರ್ಯಕ್ರಮವನ್ನು ಹಾಕಿಕೊಂಡು, 9600 ವೇಗದಲ್ಲಿ ಹೊಸ ದ್ವಾರವನ್ನು ತೆರೆದು, ಕೀಲಿಮಣೆಯಲ್ಲಿ ಏನಾದರೂ ಒತ್ತಿ. ಒತ್ತಿದ ಅಕ್ಷರ ಪರದೆಯ ಮೇಲೆ ಮೂಡಬೇಕು. ತಂತಿ ತೆಗೆದಾಗ ಮೂಡುವುದು ನಿಲ್ಲಬೇಕು. ಎರಡೂ ಆದರೆ ಮಾತ್ರ ದ್ವಾರ ಸರಿಯಿದೆ. ಹೊರಬರಲು ಕಂಟ್ರೋಲ್ ಕೀಲಿಯನ್ನು ಹಿಡಿದೇ 'ಎ', ಬಳಿಕ 'ಎಕ್ಸ್' ಒತ್ತಿ.

ಅಧಿಕಾರವಿಲ್ಲವೆಂಬ ಉತ್ತರ ಬಂದರೆ ನಿಮ್ಮ ಹೆಸರು 'ಡಯಲ್‌ಔಟ್' ಗುಂಪಿನಲ್ಲಿಲ್ಲ ಎಂದರ್ಥ. ಆ ಗುಂಪಿಗೆ ಹೆಸರು ಸೇರಿಸಿ, ಹೊರಹೋಗಿ ಮತ್ತೆ ಒಳಬರಬೇಕು. ಹೆಸರು ಕಂಡರೂ ಅಕ್ಷರ ಮೂಡದಿದ್ದರೆ 'ಪಿನ್‌ಕಂಟ್ರೋಲ್' ಆಜ್ಞೆಯಿಂದ ಪಿನ್ನಿನ ಈಗಿನ ಕೆಲಸವನ್ನು ನೋಡಬಹುದು. ಆಜ್ಞೆಯಲ್ಲಿ ಕೊನೆಯ ಪದದ ಬದಲು 'ಸಿಟಿಆರ್‌ಎಲ್' ಎಂದು ಬರೆಯಬೇಕು. ಅಲ್ಲಿ ಬಳಸುವ ಸಂಖ್ಯೆ ಬಿಲ್ಲೆಯದು: 32ನೇ ಪಿನ್ನಿಗೆ 12, 33ನೇ ಪಿನ್ನಿಗೆ 13. ಈ ಎರಡು ಬಗೆಯ ಸಂಖ್ಯೆಗಳನ್ನು ಬೆರೆಸಿ ತಂತಿ ಜೋಡಿಸಿದರೆ ಅಪಾಯವುಂಟು.

ವೋಲ್ಟಿನ ವಿಷಯದಲ್ಲಿ ಎಚ್ಚರಿಕೆ

ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಡಿ: ಗಣಕದ ಪಿನ್ನುಗಳು 3.3 ವೋಲ್ಟಿಗೆ ಮಾತ್ರ ತಕ್ಕವು. 5 ವೋಲ್ಟ್ ಬಂದರೂ ಬಿಲ್ಲೆ ಕೆಡಬಹುದು. ಸಂವೇದಿಗೆ ಕೊಡುವ 12 ವೋಲ್ಟಿನ ತಂತಿ ತಗುಲಿದರೆ ಉಳಿಯುವ ಆಸೆ ಇಲ್ಲ.

ಮಣ್ಣಿನ ಸಂವೇದಿಗಳು ಹೆಚ್ಚಾಗಿ ಆರ್‌ಎಸ್-485 ಎಂಬ ವಿಧಾನದಲ್ಲಿ ಮಾತನಾಡುತ್ತವೆ. ಇದರಲ್ಲಿ ಎ ಮತ್ತು ಬಿ ಎಂಬ ಎರಡು ತಂತಿಗಳ ನಡುವಿನ ವ್ಯತ್ಯಾಸವೇ ಸಂಕೇತ. ಮೋಟಾರಿನ ಗದ್ದಲ ಎರಡು ತಂತಿಗಳ ಮೇಲೂ ಸಮವಾಗಿ ಬೀಳುವುದರಿಂದ ವ್ಯತ್ಯಾಸ ಕೆಡುವುದಿಲ್ಲ. ಈ ಕಾರಣದಿಂದ ಕಡಿಮೆ ವೇಗದಲ್ಲಿ 1200 ಮೀಟರ್ ದೂರದವರೆಗೂ ಇದು ಕೆಲಸ ಮಾಡುತ್ತದೆ. ಪಿನ್ನುಗಳಿಗೂ ಈ ತಂತಿಗಳಿಗೂ ನಡುವೆ ಪರಿವರ್ತಕವೊಂದು ಕಡ್ಡಾಯ. ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುವ ಮ್ಯಾಕ್ಸ್485 ಬಿಲ್ಲೆಯ ಪರಿವರ್ತಕ 5 ವೋಲ್ಟಿನದು. ಅದನ್ನು ನೇರವಾಗಿ ಜೋಡಿಸಬಾರದು. ಮ್ಯಾಕ್ಸ್3485 ಅಥವಾ ಎಸ್‌ಪಿ3485 ಬಿಲ್ಲೆಯುಳ್ಳ, 3.3 ವೋಲ್ಟಿನಲ್ಲಿ ನಡೆಯುವ ಪರಿವರ್ತಕವನ್ನು ಕೇಳಿ ಕೊಳ್ಳಿ. ಮಾತಿನ ದಿಕ್ಕನ್ನು ತಾನೇ ಬದಲಿಸಿಕೊಳ್ಳುವ ಬಗೆಯದಾದರೆ ಒಂದು ತಂತಿ ಉಳಿಯುತ್ತದೆ.

ಮೋಡೆಮ್‌ಗಳಲ್ಲಿಯೂ ಕೆಲವು 1.8 ವೋಲ್ಟಿನವು. ಅವುಗಳ ಕೈಪಿಡಿ ಓದದೆ ಜೋಡಿಸಬಾರದು.

ಹೊಲದಲ್ಲಿ ತಂತಿ ಎಳೆಯುವ ಕ್ರಮ

ಜೋಡಿಯಾಗಿ ಹೆಣೆದ, ಲೋಹದ ಕವಚವಿರುವ ತಂತಿಯನ್ನೇ ಬಳಸಿ. ಮೋಟಾರಿನ ತಂತಿಯ ಜೊತೆ ಒಂದೇ ಕೊಳವೆಯಲ್ಲಿ ಎಳೆಯಬೇಡಿ. ಸಂವೇದಿಗಳನ್ನು ಒಂದರಿಂದ ಒಂದಕ್ಕೆ ಸರಪಳಿಯಂತೆ ಜೋಡಿಸಬೇಕೇ ಹೊರತು ಮರದ ಕೊಂಬೆಗಳಂತೆ ಕವಲೊಡೆಸಬಾರದು. ದೂರ ಹೆಚ್ಚಿದ್ದಲ್ಲಿ ಸಾಲಿನ ಎರಡು ತುದಿಗಳಲ್ಲಿ ಮಾತ್ರ 120 ಓಮ್‌ನ ರೋಧಕ ಹಾಕಬೇಕು. ಮುಂಗಾರು ಪೂರ್ವದ ಗುಡುಗು ಮಳೆಯ ಪ್ರದೇಶಗಳಲ್ಲಿ ಪಂಪುಮನೆಗೆ ತಂತಿ ಪ್ರವೇಶಿಸುವಲ್ಲಿ ಸಿಡಿಲು ನಿರೋಧಕ ಜೋಡಿಸಿ, ಒಳ್ಳೆಯ ಭೂಸಂಪರ್ಕ ಕೊಡಿ.

ಮೋಡ್‌ಬಸ್ ಎಂಬ ಮಾತಿನ ಕ್ರಮವನ್ನು 1979ರಲ್ಲಿ ಮೋಡಿಕಾನ್ ಕಂಪನಿ ಕಾರ್ಖಾನೆಗಳಿಗಾಗಿ ರೂಪಿಸಿತು; ಇಂದಿನ ಸಂವೇದಿಗಳೂ ಅದನ್ನೇ ಬಳಸುತ್ತವೆ. ಇದರಲ್ಲಿ ಗಣಕ ಹೆಸರು ಹಿಡಿದು ಕೂಗಿದ ಸಂವೇದಿ ಮಾತ್ರ ಉತ್ತರಿಸುತ್ತದೆ. ಆದ್ದರಿಂದ ಪ್ರತಿ ಸಂವೇದಿಗೂ 1ರಿಂದ 247ರೊಳಗೆ ಬೇರೆ ಬೇರೆ ಸಂಖ್ಯೆ ಇರಬೇಕು. ಕಾರ್ಖಾನೆಯಿಂದ ಬರುವಾಗ ಸಾಮಾನ್ಯವಾಗಿ ಎಲ್ಲಕ್ಕೂ 1 ಎಂದೇ ಇರುತ್ತದೆ. ಒಂದೊಂದನ್ನೇ ಜೋಡಿಸಿ ಸಂಖ್ಯೆ ಬದಲಿಸಿ, ಅದನ್ನು ಬಣ್ಣದಿಂದ ಬರೆದು, ಆಮೇಲೆ ಹೂಳಿ. ಉತ್ತರ ಬಾರದಿದ್ದರೆ ಎ ಮತ್ತು ಬಿ ತಂತಿಗಳನ್ನು ಅದಲು ಬದಲು ಮಾಡಿ ನೋಡಿ. ತಯಾರಕರು ಈ ಹೆಸರುಗಳನ್ನು ಒಂದೇ ರೀತಿ ಬಳಸುವುದಿಲ್ಲ.

ಬಂದ ಅಳತೆಯನ್ನು ನಂಬುವ ಮುನ್ನ

ಗಣಕ 26 ಎಂದು ತೋರಿಸಿದರೆ ಅದು ನಿಮ್ಮ ಮಣ್ಣಿನ ಸತ್ಯವೇ ಎಂದು ಒಮ್ಮೆಯಾದರೂ ನೋಡಬೇಕು. ಸಂವೇದಿಯ ಪಕ್ಕದಿಂದ, ಅದೇ ಆಳದ ಮಣ್ಣು ತೆಗೆದು ತೂಗಿ. 105 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ಒಲೆಯಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಿ. ಹಸಿ ಮಣ್ಣು 120 ಗ್ರಾಂ, ಒಣ ಮಣ್ಣು 100 ಗ್ರಾಂ ಆದರೆ ತೂಕದ ಲೆಕ್ಕದಲ್ಲಿ ತೇವ ಶೇಕಡ 20. ಸಂವೇದಿ ಹೇಳುವುದು ಗಾತ್ರದ ಲೆಕ್ಕ. ಮಣ್ಣಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.3 ಗ್ರಾಂ ಇದ್ದರೆ 20ನ್ನು 1.3ರಿಂದ ಗುಣಿಸಿ ಶೇಕಡ 26 ಎಂದು ತಿಳಿಯಬೇಕು. ಎರೆಮಣ್ಣಿನಲ್ಲಿ ವಿಶೇಷ ಎಚ್ಚರ ಅಗತ್ಯ. ಒಣಗಿದಾಗ ಬಿರುಕು ಬಿಡುವುದರಿಂದ ಸಂವೇದಿಯ ಕಡ್ಡಿಗಳ ಸುತ್ತ ಗಾಳಿ ಸೇರಿ ಅಳತೆ ಇದ್ದುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಹಲವು ಸಂವೇದಿಗಳು ಅಳತೆಯನ್ನು ಹತ್ತರಿಂದ ಗುಣಿಸಿ ಕಳುಹಿಸುತ್ತವೆ. 260 ಎಂದು ಬಂದರೆ 26.0 ಎಂದು ಓದಬೇಕು.

ಗಣಕದಿಂದಲೇ ಮೋಟಾರು ನಡೆಸುವವರು ಈ ನಿಯಮಗಳನ್ನು ಪಾಲಿಸತಕ್ಕದ್ದು. ಸಂವೇದಿಯಿಂದ ಉತ್ತರ ಬಾರದಿದ್ದರೆ ಅದನ್ನು 'ಸೊನ್ನೆ ತೇವ' ಎಂದು ಎಣಿಸಬಾರದು. ಹಾಗೆ ಎಣಿಸಿದರೆ ಇಲಿ ತಂತಿ ಕಡಿದ ರಾತ್ರಿ ಮೋಟಾರು ಬೆಳಗಿನವರೆಗೆ ಓಡುತ್ತದೆ. ಉತ್ತರವಿಲ್ಲದಾಗ ಮೋಟಾರು ನಿಂತು, ಮೊಬೈಲಿಗೆ ಸಂದೇಶ ಬರುವಂತಿರಲಿ. ಒಂದು ಸರದಿಗೆ ಗರಿಷ್ಠ ಇಷ್ಟು ನಿಮಿಷ ಎಂಬ ಮಿತಿ ಹಾಕಿ. ನೀರಿಲ್ಲದಾಗ ಮೋಟಾರನ್ನು ನಿಲ್ಲಿಸುವ ಮತ್ತು ಫೇಸ್ ತಪ್ಪಿದಾಗ ಕಾಪಾಡುವ ಸಾಧನಗಳು ಸ್ಟಾರ್ಟರಿನಲ್ಲಿಯೇ ಇರಬೇಕು. ಗಣಕ ಅವುಗಳಿಗೆ ಬದಲಿಯಲ್ಲ. ಮೂರು ಫೇಸಿನ ಜೋಡಣೆಯನ್ನು ಅರ್ಹ ಎಲೆಕ್ಟ್ರಿಷಿಯನ್ ಮಾಡಬೇಕು.

ಯುಎಸ್‌ಬಿ ಪರಿವರ್ತಕ ಸಾಲದೇ?

ಯುಎಸ್‌ಬಿ ತೂತಿಗೆ ಸಿಕ್ಕಿಸುವ ಆರ್‌ಎಸ್-485 ಪರಿವರ್ತಕವೂ ಸಿಗುತ್ತದೆ. ಅದಕ್ಕೆ ಕಡತ ತಿದ್ದುವ ಕೆಲಸವಿಲ್ಲ. ಹಳೆಯ ಮಾದರಿಯ ಗಣಕವಿರುವವರಿಗೂ ಪಿನ್ನುಗಳ ಭಯವಿರುವವರಿಗೂ ಅದೇ ಸೂಕ್ತ. ಆದರೆ ಮೋಟಾರಿನ ಅದುರಿಗೆ ಅದು ಸಡಿಲಾಗಬಹುದು. ಎರಡು ಪರಿವರ್ತಕಗಳಿದ್ದರೆ ವಿದ್ಯುತ್ ಹೋಗಿ ಬಂದಾಗ ಅವುಗಳ ಹೆಸರು ಅದಲು ಬದಲಾಗುವ ಸಂಭವವೂ ಉಂಟು. ಒಳಗಿನ ದ್ವಾರದ ಹೆಸರು ವಿದ್ಯುತ್ ಹೋಗಿ ಬಂದರೂ ಬದಲಾಗುವುದಿಲ್ಲ. ಗಣಕದ ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸಿದಾಗ ಮಾತ್ರ ಹೆಸರನ್ನು ಮತ್ತೊಮ್ಮೆ ನೋಡಿಕೊಳ್ಳಿ.

ಮೊದಲ ಒಂದು ತಿಂಗಳು ಗಣಕವು ಅಳತೆಯನ್ನು ಬರೆದಿಡುವ ಕೆಲಸವನ್ನು ಮಾತ್ರ ಮಾಡಲಿ. ಮೋಟಾರಿನ ಗುಂಡಿ ನಿಮ್ಮ ಕೈಯಲ್ಲಿರಲಿ. ಪ್ರತಿದಿನ ಗುದ್ದಲಿಯಿಂದ ಮಣ್ಣು ತೆಗೆದು, ಹಿಡಿಯಲ್ಲಿ ಉಂಡೆ ಕಟ್ಟಿ ನೋಡಿ, ಗಣಕದ ಅಂಕಿಯ ಪಕ್ಕದಲ್ಲಿ ಬರೆದಿಡಿ. ಕೈಗೆ ತಿಳಿದದ್ದೂ ಗಣಕ ಹೇಳಿದ್ದೂ ಹೊಂದಿಕೊಂಡ ಮೇಲೆಯೇ ನೀರು ಬಿಡುವ ಕೆಲಸವನ್ನು ಅದಕ್ಕೆ ಒಪ್ಪಿಸುವುದು ಕ್ಷೇಮ. ಮಣ್ಣಿನ ಸಾಂದ್ರತೆ ಮತ್ತು ತೇವದ ಪರೀಕ್ಷೆಯಲ್ಲಿ ಸಂದೇಹವಿದ್ದವರು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದ ತಜ್ಞರನ್ನು ಕಂಡು ಸಲಹೆ ಪಡೆಯಬಹುದು.